ಕಳೆ ಸತ್ತ ಮೇಲೆ ಔಷಧಿ ಎಲ್ಲಿಗೆ ಹೋಗುತ್ತದೆ? ಕೊಡಗಿನ ತೋಡು, ಕೆರೆ, ಬಾವಿಗಳಲ್ಲಿ ಕಳೆನಾಶಕದ ಚೂರುಗಳು

ಮೇ ಕೊನೆಯಲ್ಲಿ ತೋಟಕ್ಕೆ ಕಳೆ ಔಷಧಿ ಹೊಡೆದು ಎರಡು ವಾರ ಕಳೆದರೆ ಹುಲ್ಲು ಕಂದಾಗಿ ನೆಲಕ್ಕೆ ಒರಗಿರುತ್ತದೆ. ಅಷ್ಟರಲ್ಲಿ ಮುಂಗಾರು ಹಿಡಿಯುತ್ತದೆ, ತೋಡು, ಅಂದರೆ ತೋಟದ ಬದಿಯ ಸಣ್ಣ ಹಳ್ಳ, ಕೆಂಪಾಗಿ ಹರಿಯುತ್ತದೆ, ಹೊಡೆದ ಔಷಧಿಯ ನೆನಪು ಯಾರಿಗೂ ಉಳಿಯುವುದಿಲ್ಲ. ಅಂಗಡಿಯಲ್ಲಿ ವಿಚಾರಿಸಿದರೆ ‘ಮಣ್ಣಿಗೆ ಬಿದ್ದ ಕೂಡಲೇ ಅದರ ಶಕ್ತಿ ಹೋಗುತ್ತೆ’ ಎಂಬ ಉತ್ತರ ಸಿಗುತ್ತದೆ. ಆ ಮಾತು ಸುಳ್ಳಲ್ಲ, ಆದರೆ ಅರ್ಧಕ್ಕೇ ನಿಂತ ಮಾತು. ಕಳೆನಾಶಕ ಮಣ್ಣಿಗೆ ಅಂಟಿಕೊಳ್ಳುವುದು ಒಂದು, ಅದರ ಅಣು ಒಡೆದು ಬೇರೆ ವಸ್ತುವಾಗುವುದು ಇನ್ನೊಂದು, ಆ ಚೂರುಗಳೂ ಒಡೆದು ಕೊನೆಗೆ ಇಂಗಾಲದ ಡೈಆಕ್ಸೈಡ್, ನೀರು, ಲವಣಗಳಾಗಿ ಪೂರ್ತಿ ಇಲ್ಲವಾಗುವುದು ಮತ್ತೊಂದು. ‘ಶಕ್ತಿ ಹೋಯಿತು’ ಎನ್ನುವಾಗ ನಾವು ಸಾಮಾನ್ಯವಾಗಿ ಮೊದಲನೆಯದನ್ನು ನೋಡಿ ಮೂರನೆಯದು ಆಗಿದೆ ಎಂದುಕೊಳ್ಳುತ್ತೇವೆ.

ನೀರಿನ ಮಟ್ಟಿಗೆ ಮುಖ್ಯವಾದ ಪ್ರಶ್ನೆ ನಡುವಿನ ಹಂತದ್ದು. ಔಷಧಿ ಒಡೆದಾಗ ಹುಟ್ಟುವ ಚೂರುಗಳಿಗೆ ತಮ್ಮದೇ ಗುಣವಿದೆ. ಕೆಲವು ಮೂಲಕ್ಕಿಂತ ಸಾಧು, ಕೆಲವು ಮೂಲಕ್ಕಿಂತ ಹೆಚ್ಚು ಕಾಲ ಬಾಳುತ್ತವೆ, ಕೆಲವು ಮೂಲಕ್ಕಿಂತ ಸಲೀಸಾಗಿ ನೀರಿನೊಡನೆ ಓಡುತ್ತವೆ. ಒಂದೆರಡು ಮೂಲಕ್ಕಿಂತ ಹೆಚ್ಚು ವಿಷಕಾರಿ.

ಅರ್ಧಾಯುಷ್ಯ ಎಂಬ ಅಂಕಿಯನ್ನು ಓದುವ ಬಗೆ

ಮಣ್ಣಿಗೆ ಬಿದ್ದ ಔಷಧಿ ಅರ್ಧಕ್ಕೆ ಇಳಿಯಲು ಬೇಕಾಗುವ ಕಾಲವೇ ಅರ್ಧಾಯುಷ್ಯ. 100 ಗ್ರಾಂ ಇದ್ದದ್ದು ಒಂದು ಅರ್ಧಾಯುಷ್ಯದಲ್ಲಿ 50, ಎರಡರಲ್ಲಿ 25, ಐದರಲ್ಲಿ ಸುಮಾರು 3 ಗ್ರಾಂ ಆಗುತ್ತದೆ. ಇದನ್ನು ಓದುವಾಗ ಎರಡು ತಪ್ಪುಗಳಾಗುತ್ತವೆ. ಒಂದು, ಅರ್ಧಾಯುಷ್ಯ 47 ದಿನ ಎಂದರೆ 47 ದಿನಕ್ಕೆ ಔಷಧಿ ಪೂರ್ತಿ ಮುಗಿಯಿತು ಎಂದು ತಿಳಿಯುವುದು. ಇನ್ನೊಂದು ಇದಕ್ಕಿಂತ ದೊಡ್ಡದು: ಆ ಅಂಕಿ ಮೂಲ ಔಷಧಿಯದು ಮಾತ್ರ. ಹುಟ್ಟಿದ ಚೂರಿನ ಲೆಕ್ಕ ಅಲ್ಲಿಂದ ಆಚೆ ಶುರುವಾಗುತ್ತದೆ, ಡಬ್ಬಿಯ ಮೇಲೆ ಅದನ್ನು ಯಾರೂ ಬರೆದಿರುವುದಿಲ್ಲ.

ಅದೂ ಅಲ್ಲದೆ ಈ ಅಂಕಿ ಜಾಗದಿಂದ ಜಾಗಕ್ಕೆ ಬದಲಾಗುತ್ತದೆ. ಒಡೆಯುವ ಕೆಲಸದ ಬಹುಪಾಲು ಮಣ್ಣಿನ ಸೂಕ್ಷ್ಮಜೀವಿಗಳದ್ದು. ಬೆಚ್ಚಗೆ, ತೇವವಾಗಿ, ಗಾಳಿಯಾಡುವಂತೆ ಇರುವ ಮೇಲ್ಮಣ್ಣಿನಲ್ಲಿ ಅವು ಚುರುಕು. ಮಳೆಗಾಲದಲ್ಲಿ ನೀರು ಹೀರಿ ತಣ್ಣಗೆ ಕುಳಿತ ಮಣ್ಣಿನಲ್ಲಿ, ಮೂರು ಅಡಿ ಕೆಳಗಿನ ಗಟ್ಟಿ ಪದರದಲ್ಲಿ, ಕೆರೆಯ ತಳದ ಕಪ್ಪು ಕೆಸರಿನಲ್ಲಿ ಅದೇ ಕೆಲಸ ಎಷ್ಟೋ ನಿಧಾನ. ಬಿಸಿಲು ಕೂಡ ಹಲವು ಔಷಧಿಗಳನ್ನು ಒಡೆಯುತ್ತದೆ. ಆದರೆ ಮರದ ನೆರಳಿನ ಕಾಫಿ ತೋಟದಲ್ಲಿ, ಕೆಂಪು ರಾಡಿ ನೀರಿನಲ್ಲಿ, ಜುಲೈ ತಿಂಗಳ ಮೋಡದಡಿ ಬಿಸಿಲನ್ನು ನೆಚ್ಚಿಕೊಳ್ಳುವಂತಿಲ್ಲ.

ಗ್ಲೈಫೋಸೇಟ್ ಮತ್ತು ಅದರ ಚೂರು ಆಂಪಾ

1974ರಲ್ಲಿ ಮಾರುಕಟ್ಟೆಗೆ ಬಂದ ಗ್ಲೈಫೋಸೇಟ್ ಇಂದು ಜಗತ್ತಿನಲ್ಲೇ ಅತಿ ಹೆಚ್ಚು ಬಳಕೆಯಲ್ಲಿರುವ ಕಳೆನಾಶಕ. ಕಾನೂನಿನ ಮಾತು ಮೊದಲು: ಭಾರತದಲ್ಲಿ ಇದಕ್ಕೆ ಅನುಮತಿ ಇರುವುದು ಚಹಾ ತೋಟಕ್ಕೆ ಮತ್ತು ಬೆಳೆ ಇಲ್ಲದ ಜಾಗಕ್ಕೆ. 2022ರ ಅಕ್ಟೋಬರ್‌ನಲ್ಲಿ ಹೊರಟ ಕೇಂದ್ರದ ಅಧಿಸೂಚನೆ ಕೀಟ ನಿಯಂತ್ರಣ ನಿರ್ವಾಹಕರು ಮಾತ್ರ ಇದನ್ನು ಬಳಸಬೇಕು ಎಂದಿತು. ಲೇಬಲ್ಲಿನಲ್ಲಿ ತನ್ನ ಬೆಳೆಯ ಹೆಸರಿದೆಯೇ ಎಂದು ಬೆಳೆಗಾರ ನೋಡಿಕೊಳ್ಳಲೇಬೇಕು.

ಮಣ್ಣಿಗೆ ಬಿದ್ದ ಗ್ಲೈಫೋಸೇಟ್ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ಅದರ ಅಣುವಿನ ಒಂದು ತುದಿಯಲ್ಲಿ ರಂಜಕವಿದೆ. ಆ ತುದಿ ಮಣ್ಣಿನ ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡುಗಳನ್ನು ಹಿಡಿದುಕೊಳ್ಳುತ್ತದೆ. ಕೊಡಗಿನ ಹುಳಿ ಗುಣದ ಕೆಂಪು ಮಣ್ಣಿನಲ್ಲಿ ಈ ಆಕ್ಸೈಡುಗಳಿಗೆ ಬರವಿಲ್ಲ. ಹಾಗಾಗಿ ‘ಮಣ್ಣಿಗೆ ಬಿದ್ದರೆ ಶಕ್ತಿ ಹೋಗುತ್ತೆ’ ಎಂಬ ಅಂಗಡಿಯ ಮಾತು ನಮ್ಮ ಮಣ್ಣಿನ ಮಟ್ಟಿಗೆ ಇನ್ನೂ ಹೆಚ್ಚು ನಿಜ. ಹೀಗೆ ಅಂಟಿದ್ದನ್ನು ಸೂಕ್ಷ್ಮಜೀವಿಗಳು ನಿಧಾನವಾಗಿ ತಿನ್ನುತ್ತವೆ. ಮಣ್ಣಿನಲ್ಲಿ ಇದರ ಅರ್ಧಾಯುಷ್ಯ 2 ದಿನದಿಂದ 197 ದಿನದವರೆಗೆ ದಾಖಲಾಗಿದೆ, ಸಾಮಾನ್ಯವಾಗಿ ಹಿಡಿಯುವ ಅಂಕಿ 47 ದಿನ.

ಸೂಕ್ಷ್ಮಜೀವಿಗಳು ಈ ಅಣುವನ್ನು ಎರಡು ಕಡೆ ಕತ್ತರಿಸಬಲ್ಲವು. ಇಂಗಾಲ ಮತ್ತು ರಂಜಕದ ನಡುವೆ ಕತ್ತರಿಸಿದರೆ ಸಾರ್ಕೋಸಿನ್ ಎಂಬ ನಿರುಪದ್ರವಿ ವಸ್ತು ಸಿಗುತ್ತದೆ, ಅದು ಬೇಗ ಕರಗಿ ಹೋಗುತ್ತದೆ. ಇಂಗಾಲ ಮತ್ತು ಸಾರಜನಕದ ನಡುವೆ ಕತ್ತರಿಸಿದರೆ ಸಿಗುವುದು ಅಮೈನೋಮೀಥೈಲ್ ಫಾಸ್ಫೋನಿಕ್ ಆಮ್ಲ, ಚಿಕ್ಕದಾಗಿ ಆಂಪಾ. ಮಣ್ಣಿನಲ್ಲಿ ಹೆಚ್ಚಾಗಿ ಕಾಣುವುದು ಇದೇ. ತೂಕದ ಲೆಕ್ಕದಲ್ಲಿ 100 ಗ್ರಾಂ ಗ್ಲೈಫೋಸೇಟ್ ಪೂರ್ತಿ ಈ ದಾರಿ ಹಿಡಿದರೆ 66 ಗ್ರಾಂ ಆಂಪಾ ಆಗುತ್ತದೆ. ಇದೂ ಮಣ್ಣಿಗೆ ಅಂಟುವ ವಸ್ತುವೇ. ಆದರೆ ಮೂಲಕ್ಕಿಂತ ಹೆಚ್ಚು ಕಾಲ ಉಳಿಯುತ್ತದೆ, ಅರ್ಧಾಯುಷ್ಯ 76ರಿಂದ 240 ದಿನ ಎಂದು ದಾಖಲಾಗಿದೆ. ವರ್ಷಕ್ಕೆ ಎರಡು ಸಲ ಹೊಡೆಯುವ ತೋಟದಲ್ಲಿ ಮೊದಲ ಸಲದ ಆಂಪಾ ಮುಗಿಯುವ ಮೊದಲೇ ಎರಡನೆಯ ಸಲದ್ದು ಬಂದು ಸೇರುತ್ತದೆ. ವಿಷದ ಮಟ್ಟದಲ್ಲಿ ಆಂಪಾ ಗ್ಲೈಫೋಸೇಟ್‌ಗಿಂತ ಭೀಕರವೇನಲ್ಲ. ಎರಡೂ ಸೇರಿ ಲೀಟರಿಗೆ 0.9 ಮಿಲಿಗ್ರಾಂವರೆಗೆ ಕುಡಿಯುವ ನೀರಿನಲ್ಲಿ ಆರೋಗ್ಯಕ್ಕೆ ತೊಂದರೆಯಿಲ್ಲ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಗ್ಲೈಫೋಸೇಟ್ ಬಗ್ಗೆ ಎಲ್ಲರೂ ಒಂದೇ ಮಾತು ಹೇಳುತ್ತಿಲ್ಲ ಎಂಬುದನ್ನೂ ಜೊತೆಗೇ ಹೇಳಬೇಕು. ಅದೇ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ಇದನ್ನು ‘ಬಹುಶಃ ಕ್ಯಾನ್ಸರ್‌ಕಾರಕ’ ಎಂಬ 2ಎ ಗುಂಪಿಗೆ ಸೇರಿಸಿತು.

ಆಂಪಾ ಬಟ್ಟೆ ಒಗೆಯುವ ಪುಡಿಗಳಲ್ಲಿರುವ ಫಾಸ್ಫೋನೇಟುಗಳಿಂದಲೂ ಹುಟ್ಟುತ್ತದೆ. ಪೇಟೆಯ ಚರಂಡಿ ಸೇರುವ ಹೊಳೆಯಲ್ಲಿ ಆಂಪಾ ಸಿಕ್ಕಿತೆಂದು ಮೇಲಿನ ತೋಟವನ್ನು ದೂರಲಾಗದು. ಪೇಟೆಯ ನೀರು ಸೇರದ ಮೇಲಿನ ತೋಡಿನಲ್ಲಿ, ಗ್ಲೈಫೋಸೇಟ್ ಜೊತೆಗೇ ಅದು ಸಿಕ್ಕರೆ ಮಾತ್ರ ತೋಟದ ಕಡೆ ಬೆರಳು ತೋರಿಸಬಹುದು.

ಕಚ್ಚಿಕೊಂಡದ್ದು ಬಿಡುವುದು ಯಾವಾಗ

ತೋಟದ ಕೆಲಸಕ್ಕೆ ನೇರವಾಗಿ ತಾಗುವ ಮಾತು ಇದು. ಗ್ಲೈಫೋಸೇಟ್ ಕುಳಿತಿರುವುದು ರಂಜಕ ಗೊಬ್ಬರ ಕೂರುವ ಜಾಗದಲ್ಲೇ. ಮಣ್ಣಿನ ಆ ಜಾಗಗಳಿಗೆ ಇಬ್ಬರೂ ಪೈಪೋಟಿ ಮಾಡುತ್ತಾರೆ, ಗೆಲ್ಲುವುದು ಹೆಚ್ಚಾಗಿ ಗೊಬ್ಬರ. ಕಳೆ ಔಷಧಿ ಹೊಡೆದ ಹಿಂದೆಯೇ ಸೂಪರ್ ಫಾಸ್ಫೇಟ್ ಅಥವಾ ಡಿಎಪಿ ಎರಚಿದರೆ ಅಂಟಿದ್ದ ಗ್ಲೈಫೋಸೇಟ್ ಮತ್ತು ಆಂಪಾ ಎರಡರ ಒಂದು ಪಾಲು ಬಿಟ್ಟುಕೊಂಡು ನೀರಿಗೆ ಇಳಿಯಬಹುದು. ಸುಣ್ಣದ್ದೂ ಇಂಥದೇ ಪರಿಣಾಮ. ಮಣ್ಣಿನ ಹುಳಿ ಇಳಿದಷ್ಟೂ ಗ್ಲೈಫೋಸೇಟ್‌ನ ಹಿಡಿತ ಸಡಿಲವಾಗುತ್ತದೆ. ಸುಣ್ಣ ಹಾಕದೆ ನಮ್ಮ ಹುಳಿ ಮಣ್ಣಿನಲ್ಲಿ ಕಾಫಿ ಚೆನ್ನಾಗಿ ಬರುವುದಿಲ್ಲ, ಹಾಕಲೇಬೇಕು. ಮಾಡಬೇಕಾದ್ದು ಇಷ್ಟು: ಸುಣ್ಣ, ರಂಜಕ ಗೊಬ್ಬರ ಮತ್ತು ಕಳೆ ಔಷಧಿಯನ್ನು ಒಂದರ ಬೆನ್ನಿಗೆ ಒಂದು ಜೋಡಿಸದೆ, ನಡುವೆ ಎರಡು ಮೂರು ತಿಂಗಳಾದರೂ ಬಿಡುವುದು.

ಹಿಡಿತ ಸಡಿಲವಾಗದೆಯೂ ಔಷಧಿ ನೀರು ಸೇರುವ ದೊಡ್ಡ ದಾರಿ ಇನ್ನೊಂದಿದೆ. ಮಣ್ಣೇ ಹೊರಟರೆ ಅದಕ್ಕೆ ಅಂಟಿದ್ದೂ ಹೊರಡುತ್ತದೆ. ಕೊಡಗಿನ ಪಶ್ಚಿಮದ ಅಂಚಿನಲ್ಲಿ ಕೆಲವೆಡೆ ವರ್ಷಕ್ಕೆ 200 ಇಂಚು ಮಳೆ ಸುರಿಯುತ್ತದೆ. ಒಂದು ಇಂಚು ಮಳೆ ಎಂದರೆ ಎಕರೆಯ ಮೇಲೆ ಸುಮಾರು 1 ಲಕ್ಷ ಲೀಟರ್ ನೀರು. ಇಳಿಜಾರು ತೋಟದಲ್ಲಿ ಔಷಧಿಯಿಂದ ಹುಲ್ಲು ಸತ್ತು ಬೆತ್ತಲಾದ ನೆಲದ ಮೇಲೆ ಇದು ಬಿದ್ದರೆ ಹರಿಯುವ ಪ್ರತಿ ಕೊಡ ಕೆಂಪು ನೀರಿನಲ್ಲೂ ಅಂಟಿದ ಔಷಧಿಯಿರುತ್ತದೆ. ಹುಲ್ಲಿನ ಬೇರು ಮಣ್ಣು ಹಿಡಿಯುವ ಕೆಲಸ ಮಾಡುತ್ತಿತ್ತು, ಅದನ್ನೇ ಕೊಂದಿದ್ದೇವೆ. ಹೀಗೆ ಹೋದ ಮಣ್ಣು ತೋಡಿನ ತಿರುವಿನಲ್ಲಿ, ತಗ್ಗಿನ ಗದ್ದೆಯಲ್ಲಿ, ಕೆರೆಯ ತಳದಲ್ಲಿ ಕೂರುತ್ತದೆ. ಹಾರಂಗಿ ಅಣೆಕಟ್ಟಿನವರೆಗೂ ಹೋಗುತ್ತದೆ. 2018ರ ಆಗಸ್ಟ್‌ನಂಥ ಕುಸಿತವಾದ ವರ್ಷ ಇಡೀ ಗುಡ್ಡದ ಮೇಲ್ಮಣ್ಣೇ ಹೊಳೆ ಸೇರುತ್ತದೆ. ಮೇಲಿನ ನೀರನ್ನು ಪರೀಕ್ಷಿಸಿ ‘ಏನೂ ಇಲ್ಲ’ ಎಂದರೆ ಸಾಲದು, ತಳದ ಹೂಳಿನಲ್ಲಿ ಏನಿದೆ ಎಂದು ನೋಡಬೇಕು. ಕೆರೆ ಹೂಳು ತೆಗೆದು ತರಕಾರಿ ಮಡಿಗೆ ಹಾಕುವವರಿಗೂ ಈ ಮಾತು ಅನ್ವಯ.

ಪ್ರಮಾಣದ ಅಂದಾಜಿಗೆ ಒಂದು ಲೆಕ್ಕ. ಅಳತೆಯ ಫಲಿತಾಂಶವಲ್ಲ, ಕಾಗದದ ಮೇಲಿನ ಲೆಕ್ಕ. ಶೇ 41ರ ಗ್ಲೈಫೋಸೇಟ್ 1 ಲೀಟರಿನಲ್ಲಿ ಸುಮಾರು 360 ಗ್ರಾಂ ಮೂಲ ಆಮ್ಲ ಇರುತ್ತದೆ. ಒಂದು ಎಕರೆಗೆ ಅಷ್ಟನ್ನು ಹೊಡೆದು, ಅದರಲ್ಲಿ ಬರೀ ಶೇ 0.5, ಅಂದರೆ 1.8 ಗ್ರಾಂ, ಮೊದಲ ಜೋರು ಮಳೆಗೆ ಕೆಳಗಿನ ಕೆರೆ ಸೇರಿತು ಎಂದಿಟ್ಟುಕೊಳ್ಳಿ. ಒಂದು ಎಕರೆ ವಿಸ್ತಾರ, 10 ಅಡಿ ಆಳದ ಕೆರೆಯಲ್ಲಿ 1.23 ಕೋಟಿ ಲೀಟರ್ ನೀರು ಹಿಡಿಯುತ್ತದೆ. 10 ಲಕ್ಷ ಲೀಟರಿಗೆ 1 ಗ್ರಾಂ ಬಿದ್ದರೆ ಲೀಟರಿಗೆ 1 ಮೈಕ್ರೋಗ್ರಾಂ. ಹಾಗೆ ನೋಡಿದರೆ ಇಲ್ಲಿ ಲೀಟರಿಗೆ ಸುಮಾರು 0.15 ಮೈಕ್ರೋಗ್ರಾಂ ಆಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂಕಿಯ ಪಕ್ಕದಲ್ಲಿಟ್ಟರೆ ಇದು ತೀರಾ ಸಣ್ಣದು. ಕುಡಿಯುವ ನೀರಿನಲ್ಲಿ ಯಾವುದೇ ಒಂದು ಕೀಟನಾಶಕ ಅಥವಾ ಗಣನೀಯವಾದ ಅದರ ಚೂರು 0.1 ಮೈಕ್ರೋಗ್ರಾಂ ದಾಟಕೂಡದು ಎನ್ನುವ ಯುರೋಪಿನ ಮಿತಿಯ ಪಕ್ಕದಲ್ಲಿಟ್ಟರೆ ಮೀರಿದ್ದು. ಆ ಮಿತಿ ವಿಷದ ಲೆಕ್ಕದಿಂದ ಹುಟ್ಟಿದ್ದಲ್ಲ. ನೀರಿನಲ್ಲಿ ಇವು ಇರಲೇಬಾರದು ಎಂಬ ನಿಲುವಿನಿಂದ ಹುಟ್ಟಿದ್ದು. ಎರಡು ಅಂಕಿಗಳ ನಡುವಿನ ಅಂತರ ತಿಳಿದಿದ್ದರೆ ‘ಮಿತಿ ಮೀರಿದೆ’ ಎಂಬ ಸುದ್ದಿ ಓದಿದಾಗ ಯಾವ ಮಿತಿ ಎಂದು ಕೇಳಬಹುದು.

ಕಪ್ಪೆ, ಮೀನಿನ ವಿಚಾರ ಬಂದಾಗ ಇನ್ನೊಂದು ಹೆಸರು ಸೇರಿಸಬೇಕು. ಔಷಧಿ ಎಲೆಗೆ ಅಂಟಲೆಂದು ಬೆರೆಸುವ ಪಿಒಇಎ ಎಂಬ ಸಾಬೂನಿನಂಥ ವಸ್ತು ಮೀನಿಗೂ ಗೊದಮೊಟ್ಟೆಗೂ ಗ್ಲೈಫೋಸೇಟ್‌ಗಿಂತ ಹಲವು ಪಟ್ಟು ಹೆಚ್ಚು ವಿಷ. ಗ್ಲೈಫೋಸೇಟ್ ಜೊತೆ ಇದನ್ನು ಬೆರೆಸುವುದನ್ನು ಯುರೋಪ್ 2016ರಲ್ಲಿ ನಿಲ್ಲಿಸಿತು. ಚೂರುಗಳ ಪಟ್ಟಿಯಲ್ಲಿ ಇದು ಬರುವುದಿಲ್ಲ, ಆದರೆ ತೋಡಿನ ಪಕ್ಕ ಹೊಡೆದ ದಿನ ಮೊದಲು ಸಾಯಿಸುವುದು ಇದೇ.

2,4-ಡಿ: ನೆಲದ ಮೇಲೆ ಚುರುಕು, ಕೆಸರಿನಲ್ಲಿ ನಿಧಾನ

ಅಗಲ ಎಲೆಯ ಕಳೆಗೆ ಹೊಡೆಯುವ 2,4-ಡಿಯ ಸ್ವಭಾವ ಗ್ಲೈಫೋಸೇಟ್‌ಗೆ ತೀರಾ ಉಲ್ಟಾ. ಮಣ್ಣಿಗೆ ಹೆಚ್ಚು ಅಂಟುವುದಿಲ್ಲ, ನೀರಿನ ಜೊತೆ ಸುಲಭವಾಗಿ ಇಳಿಯುತ್ತದೆ. ನಮ್ಮ ಅದೃಷ್ಟಕ್ಕೆ ಗಾಳಿಯಾಡುವ ಮಣ್ಣಿನಲ್ಲಿ ಅದರ ಅರ್ಧಾಯುಷ್ಯ ಒಂದು ವಾರದ ಆಸುಪಾಸು. ಗಾಳಿಯಾಡುವ ನೀರಿನಲ್ಲಿ ಸುಮಾರು 15 ದಿನ. ಆಮ್ಲಜನಕವಿಲ್ಲದ ನೀರು ಮತ್ತು ಕೆಸರಿನಲ್ಲಿ ಮಾತ್ರ 41ರಿಂದ 333 ದಿನ.

ಕೊಡಗಿನಲ್ಲಿ ಆಮ್ಲಜನಕವಿಲ್ಲದ ನೀರು ಯಾವುದೆಂದು ಹುಡುಕಬೇಕಾಗಿಲ್ಲ. ಎಲೆ ಕೊಳೆತು ನಿಂತ ಹೊಂಡ, ಕಾಫಿ ಹಣ್ಣಿನ ಸಿಪ್ಪೆ ತೆಗೆದ ಪಲ್ಪಿಂಗ್ ನೀರು ಸೇರಿ ಹುಳಿ ನಾತ ಹೊಡೆಯುವ ಕೆರೆ, ಹೂಳು ತುಂಬಿದ ಹಳೆಯ ಬಾವಿ ಇವೆಲ್ಲ ಅಂಥವೇ. ಡಿಸೆಂಬರಿನಿಂದ ಫೆಬ್ರವರಿಯವರೆಗೆ ಪಲ್ಪಿಂಗ್ ನೀರು ಬಿಟ್ಟ ಕೆರೆ ತನ್ನ ಆಮ್ಲಜನಕವನ್ನೆಲ್ಲ ಆ ತ್ಯಾಜ್ಯವನ್ನು ಕರಗಿಸುವುದಕ್ಕೇ ಖರ್ಚು ಮಾಡಿಬಿಡುತ್ತದೆ. ಅನಂತರ ಸೇರಿದ 2,4-ಡಿ ಅಲ್ಲಿ ತಿಂಗಳುಗಟ್ಟಲೆ ಕುಳಿತಿರುತ್ತದೆ.

ಇದು ಒಡೆದಾಗ ಮೊದಲು ಸಿಗುವ ಚೂರು 2,4-ಡೈಕ್ಲೋರೋಫೀನಾಲ್. ಲೀಟರಿಗೆ 0.3 ಮೈಕ್ರೋಗ್ರಾಂನಷ್ಟು ಇದ್ದರೂ ಇದರ ರುಚಿ ನಾಲಿಗೆಗೆ ತಿಳಿಯಬಲ್ಲದು, ಆಸ್ಪತ್ರೆಯ ಫಿನಾಯಿಲ್ ನೆನಪಿಸುವ ರುಚಿ. ಹಾಗೆಂದು ಫಿನಾಯಿಲ್ ರುಚಿ ಬಂದಾಗಲೆಲ್ಲ ಕಳೆ ಔಷಧಿ ಎನ್ನುವಂತಿಲ್ಲ. ಕೊಳೆತ ಎಲೆಯ ಅಂಶವಿರುವ ನೀರಿಗೆ ಬ್ಲೀಚಿಂಗ್ ಪುಡಿ ಹಾಕಿದಾಗಲೂ ಇಂಥವೇ ಕ್ಲೋರೋಫೀನಾಲುಗಳು ಹುಟ್ಟುತ್ತವೆ.

ಗದ್ದೆಯ ನೀರು

ನಾಟಿಯಾದ ಮೇಲೆ ಗದ್ದೆಗೆ ಹಾಕುವ ಬ್ಯುಟಾಕ್ಲೋರ್, ಪ್ರೆಟಿಲಾಕ್ಲೋರ್ ನೇರವಾಗಿ ನಿಂತ ನೀರಿಗೇ ಬೀಳುತ್ತವೆ. ಒಂದು ಎಕರೆಯಲ್ಲಿ 5 ಸೆಂಟಿಮೀಟರ್ ನೀರು ಎಂದರೆ 2 ಲಕ್ಷ ಲೀಟರ್. ಶೇ 50ರ ಬ್ಯುಟಾಕ್ಲೋರ್ 1 ಲೀಟರ್, ಅಂದರೆ 500 ಗ್ರಾಂ ಅಂಶ, ಆ ನೀರಿನಲ್ಲಿ ಕಲೆತ ಕ್ಷಣಕ್ಕೆ ಲೀಟರಿಗೆ 2,500 ಮೈಕ್ರೋಗ್ರಾಂ. ಕುಡಿಯುವ ನೀರಿಗೆ ಭಾರತೀಯ ಮಾನಕ ಇಟ್ಟ ಮಿತಿ 125. ಕೆಲವೇ ದಿನಗಳಲ್ಲಿ ಹೆಚ್ಚಿನ ಭಾಗ ಮಣ್ಣಿಗೆ ಅಂಟಿ, ಒಡೆದು, ನೀರಿನಲ್ಲಿನ ಪ್ರಮಾಣ ಕಡಿಮೆಯಾಗುತ್ತದೆ. ಆ ಕೆಲವು ದಿನ ಬದು ಒಡೆಯದಂತೆ, ನೀರು ಕೆಳಗಿನ ಗದ್ದೆಗೆ ಬೀಳದಂತೆ ಕಾಯುವುದೇ ಮುಖ್ಯ ಕೆಲಸ. ಜಪಾನಿನಲ್ಲಿ ಔಷಧಿ ಹಾಕಿದ ಗದ್ದೆಯ ನೀರನ್ನು 7 ದಿನ ಹೊರಬಿಡದೆ ಹಿಡಿದಿಡಬೇಕೆಂಬ ನಿಯಮ ಇದೇ ಕಾರಣಕ್ಕೆ. ಕಕ್ಕಡ ತಿಂಗಳಿನ, ಅಂದರೆ ಜುಲೈ-ಆಗಸ್ಟ್‌ನ ಮಳೆಯಲ್ಲಿ ಏಳು ದಿನ ನೀರು ಹಿಡಿಯುವುದು ಹೇಳಿದಷ್ಟು ಸುಲಭವಲ್ಲ. ನೀರಿನ ಮಟ್ಟಕ್ಕಿಂತ ಒಂದು ಗೇಣು ಮೇಲೆ ಉಳಿಯುವಂತೆ ಬದು ಏರಿಸಿ, ಮೇಲಿನ ತೋಡಿನ ನೀರನ್ನು ಗದ್ದೆಯ ಬದಿಯಿಂದಲೇ ದಾಟಿಸಬೇಕು. ಏಡಿ ಕೊರೆದ ತೂತುಗಳನ್ನು ಔಷಧಿ ಹಾಕುವ ಮುನ್ನಾದಿನ ಮುಚ್ಚಬೇಕು. ಆ ವಾರ ಗದ್ದೆಯಲ್ಲಿ ಏಡಿ, ಮೀನು ಹಿಡಿಯಬಾರದು. ಬ್ಯುಟಾಕ್ಲೋರ್ ಮೀನಿಗೆ ಬಹಳ ವಿಷ.

ಈ ಗುಂಪಿನ ಔಷಧಿಗಳ ಚೂರುಗಳಲ್ಲಿ ಒಂದು ಪಾಠವಿದೆ. ಇದೇ ಮನೆತನದ ಅಲಾಕ್ಲೋರ್, ಮೆಟೊಲಾಕ್ಲೋರ್‌ಗಳನ್ನು ಸೂಕ್ಷ್ಮಜೀವಿ ಮತ್ತು ಸಸ್ಯಗಳು ಒಡೆಯುವಾಗ ಸಲ್ಫೋನಿಕ್ ಆಮ್ಲ ಮತ್ತು ಆಕ್ಸಾನಿಲಿಕ್ ಆಮ್ಲದ ರೂಪಗಳು ಹುಟ್ಟುತ್ತವೆ. ಆಮ್ಲವಾದ್ದರಿಂದ ಇವು ನೀರಿನಲ್ಲಿ ಚೆನ್ನಾಗಿ ಕರಗಿ, ಮಣ್ಣಿಗೆ ಅಂಟದೆ ಕೆಳಗಿಳಿಯುತ್ತವೆ. ಅಮೆರಿಕದ ಅಯೋವಾ ರಾಜ್ಯದಲ್ಲಿ 1990ರ ದಶಕದಲ್ಲಿ ಅಂತರ್ಜಲ ಮತ್ತು ಹೊಳೆಗಳನ್ನು ಪರೀಕ್ಷಿಸಿದಾಗ ಮೂಲ ಔಷಧಿಗಿಂತ ಈ ಚೂರುಗಳೇ ಹೆಚ್ಚು ಕಡೆ, ಹೆಚ್ಚು ಪ್ರಮಾಣದಲ್ಲಿ ಸಿಕ್ಕವು. ಅಲ್ಲಿಯವರೆಗೆ ಮೂಲವನ್ನಷ್ಟೇ ಹುಡುಕಿ ‘ನೀರು ಶುದ್ಧ’ ಎಂದಿದ್ದ ವರದಿಗಳನ್ನೆಲ್ಲ ಹೊಸದಾಗಿ ಓದಬೇಕಾಯಿತು.

ಉಳಿದ ಮೂರು ಕಳೆನಾಶಕಗಳು

ಪ್ಯಾರಾಕ್ವಾಟ್ ಜೇಡಿಮಣ್ಣಿನ ಪದರಗಳ ನಡುವೆ ಸಿಕ್ಕಿಕೊಂಡು ವರ್ಷಗಟ್ಟಲೆ ಉಳಿಯುತ್ತದೆ, ಸೂಕ್ಷ್ಮಜೀವಿಗೂ ಸಿಗುವುದಿಲ್ಲ, ನೀರಿಗೂ ಇಳಿಯುವುದಿಲ್ಲ. ಅದರ ಅಪಾಯ ನೀರಿಗಿಂತ ಮನುಷ್ಯನಿಗೆ ಹೆಚ್ಚು: ಒಂದು ಗುಟುಕು ಒಳಗೆ ಹೋದರೂ ಪ್ರತಿವಿಷವಿಲ್ಲ. ಕೇರಳ ಇದನ್ನು 2011ರಲ್ಲಿ ನಿಷೇಧಿಸಿದೆ.

ಕೊಡಗಿನ ಪೂರ್ವದ ಮೆಕ್ಕೆಜೋಳದ ಹೊಲಗಳಿಗೆ ಹಾಕುವ ಅಟ್ರಾಜಿನ್ ಎರಡು ಬಗೆಯಲ್ಲಿ ಒಡೆಯುತ್ತದೆ. ಹುಳಿ ಮಣ್ಣಿನಲ್ಲಿ ಹೈಡ್ರಾಕ್ಸಿ ಅಟ್ರಾಜಿನ್ ಆಗಿ ಮಣ್ಣಿಗೆ ಅಂಟಿ ಕೂರುತ್ತದೆ, ಅದು ಒಳ್ಳೆಯ ದಾರಿ. ಸೂಕ್ಷ್ಮಜೀವಿಗಳು ಒಡೆದಾಗ ಡೀಈಥೈಲ್ ಅಟ್ರಾಜಿನ್ ಆಗಿ ಮೂಲಕ್ಕಿಂತ ಸಲೀಸಾಗಿ ಬೋರ್‌ವೆಲ್ ಕಡೆ ಇಳಿಯುತ್ತದೆ. ಜರ್ಮನಿ ಅಟ್ರಾಜಿನ್ ನಿಲ್ಲಿಸಿದ್ದು 1991ರಲ್ಲಿ, ಅದೂ ಅದರ ಚೂರೂ ಅಲ್ಲಿನ ಅಂತರ್ಜಲದಲ್ಲಿ ದಶಕಗಳ ಬಳಿಕವೂ ಸಿಗುತ್ತಿದ್ದವು.

ಡೈಯುರಾನ್‌ನ ಕೊನೆಯ ಚೂರುಗಳಲ್ಲೊಂದಾದ 3,4-ಡೈಕ್ಲೋರೋಅನಿಲಿನ್ ನೀರಿನ ಜೀವಿಗಳಿಗೆ ಎಷ್ಟು ವಿಷವೆಂದರೆ, ಬೇರೆ ರಾಸಾಯನಿಕಗಳನ್ನು ಮೀನಿನ ಭ್ರೂಣದ ಮೇಲೆ ಪರೀಕ್ಷಿಸುವ ಅಂತರರಾಷ್ಟ್ರೀಯ ಪದ್ಧತಿಯಲ್ಲಿ ‘ಖಂಡಿತ ವಿಷ’ ಎಂಬ ಹೋಲಿಕೆಗೆ ಇದನ್ನೇ ಇಡುತ್ತಾರೆ.

ನೀರು ಪರೀಕ್ಷೆಗೆ ಕೊಡುವಾಗ

ಭಾರತೀಯ ಕುಡಿಯುವ ನೀರಿನ ಮಾನಕ ಐಎಸ್ 10500 (2012) ಪಟ್ಟಿ ಮಾಡಿದ ಕಳೆನಾಶಕಗಳು ಕೆಲವೇ: ಲೀಟರಿಗೆ ಮೈಕ್ರೋಗ್ರಾಂ ಲೆಕ್ಕದಲ್ಲಿ ಅಲಾಕ್ಲೋರ್ 20, ಅಟ್ರಾಜಿನ್ 2, ಬ್ಯುಟಾಕ್ಲೋರ್ 125, 2,4-ಡಿ 30, ಐಸೊಪ್ರೊಟ್ಯುರಾನ್ 9. ಗ್ಲೈಫೋಸೇಟ್ ಇಲ್ಲ, ಆಂಪಾ ಇಲ್ಲ, ಈ ಐದರ ಚೂರುಗಳೂ ಇಲ್ಲ. ಕೀಟನಾಶಕ ಎಂಡೋಸಲ್ಫಾನ್‌ಗೆ ಬಂದಾಗ ಇದೇ ಮಾನಕ ಅದರ ಚೂರಾದ ಎಂಡೋಸಲ್ಫಾನ್ ಸಲ್ಫೇಟನ್ನೂ ಸೇರಿಸಿ ಎಣಿಸುತ್ತದೆ. ದಾರಿ ಇದೆ, ಕಳೆನಾಶಕಕ್ಕೆ ಅದನ್ನು ಹಿಡಿದಿಲ್ಲ ಅಷ್ಟೆ. ಹಾಗಾಗಿ ‘ಐಎಸ್ 10500 ಪ್ರಕಾರ ಪರೀಕ್ಷಿಸಿ’ ಎಂದರೆ ತೋಟದ ಕೆಳಗಿನ ಬಾವಿಗೆ ಬೇಕಾದ ಪರೀಕ್ಷೆ ನಡೆಯುವುದೇ ಇಲ್ಲ. ಹೊಡೆದ ಔಷಧಿಯ ಹೆಸರನ್ನೂ ಅದರ ಚೂರಿನ ಹೆಸರನ್ನೂ ಬರೆದು ಕೊಟ್ಟು ಕೇಳಬೇಕು.

ವರದಿಯಲ್ಲಿ ‘ಬಿಡಿಎಲ್’, ಅಂದರೆ ಪತ್ತೆಯ ಮಿತಿಗಿಂತ ಕೆಳಗೆ, ಎಂದು ಬಂದರೆ ಸಮಾಧಾನಪಡುವ ಮೊದಲು ಪತ್ತೆಯ ಮಿತಿ ಎಷ್ಟು ಎಂದು ನೋಡಿ. 10 ಮೈಕ್ರೋಗ್ರಾಂಗಿಂತ ಕೆಳಗೆ ಕಾಣದ ಯಂತ್ರಕ್ಕೆ 5 ಇದ್ದರೂ ಬಿಡಿಎಲ್, 0 ಇದ್ದರೂ ಬಿಡಿಎಲ್. ಲೀಟರಿಗೆ 0.1 ಮೈಕ್ರೋಗ್ರಾಂವರೆಗೆ ಅಳೆಯಬಲ್ಲ, ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ ಎನ್‌ಎಬಿಎಲ್‌ನ ಮಾನ್ಯತೆ ಪಡೆದ ಪ್ರಯೋಗಾಲಯವನ್ನೇ ಹುಡುಕಬೇಕು.

ಬಾಟಲಿಯ ಆಯ್ಕೆಯಲ್ಲೇ ಅರ್ಧ ತಪ್ಪುಗಳು ಆಗಿಹೋಗುತ್ತವೆ. ಗ್ಲೈಫೋಸೇಟ್ ಮತ್ತು ಆಂಪಾ ಗಾಜಿಗೆ ಅಂಟಿಕೊಳ್ಳುತ್ತವೆ, ಅವಕ್ಕೆ ಹೊಸ ಪ್ಲಾಸ್ಟಿಕ್ ಬಾಟಲಿ ಬೇಕು. ಬ್ಯುಟಾಕ್ಲೋರ್, ಅಟ್ರಾಜಿನ್‌ಗಳಿಗೆ ಕಂದು ಗಾಜಿನದು. ಕ್ಲೋರಿನ್ ಹಾಕಿದ ನಲ್ಲಿ ನೀರಾದರೆ ಸೋಡಿಯಂ ಥಯೋಸಲ್ಫೇಟ್ ಮೊದಲೇ ಹಾಕಿದ ಬಾಟಲಿಯನ್ನು ಪ್ರಯೋಗಾಲಯದಿಂದ ತರಿಸಿ, ಇಲ್ಲದಿದ್ದರೆ ಕ್ಲೋರಿನ್ ದಾರಿಯಲ್ಲೇ ಗ್ಲೈಫೋಸೇಟನ್ನು ಒಡೆದುಬಿಡುತ್ತದೆ. ಬಾಟಲಿಯನ್ನು ಐಸ್ ಡಬ್ಬಿಯಲ್ಲಿ ಬೆಳಕು ತಾಗದಂತೆ ಇಟ್ಟು ಒಂದೆರಡು ದಿನದಲ್ಲಿ ತಲುಪಿಸಿ. ಯಾವ ದಿನ ತೆಗೆಯಬೇಕು ಎಂಬುದಕ್ಕೂ ಲೆಕ್ಕವಿದೆ: ಹೊಡೆದ ನಂತರ ತೋಡು ಮೊದಲ ಸಲ ಕೆಂಪಾಗಿ ಹರಿದ ದಿನ, ತೋಟದ ಮೇಲೊಂದು, ಕೆಳಗೊಂದು. ಜನವರಿಯ ತಿಳಿ ನೀರು ತೆಗೆದುಕೊಂಡು ಹೋದರೆ ಜೂನಿನ ಸಂಗತಿ ತಿಳಿಯುವುದಿಲ್ಲ.

ಮನೆಯ ಫಿಲ್ಟರ್ ವಿಚಾರ ಬೇಗ ಮುಗಿಸಬಹುದು. ಕುದಿಸುವುದರಿಂದ ಇವು ಹೋಗುವುದಿಲ್ಲ, ನೀರು ಆವಿಯಾದಷ್ಟು ಗಟ್ಟಿಯಾಗುತ್ತವೆ. ಇದ್ದಿಲಿನ ಫಿಲ್ಟರ್ ಅಟ್ರಾಜಿನ್, 2,4-ಡಿ, ಬ್ಯುಟಾಕ್ಲೋರ್‌ಗಳನ್ನು ಹಿಡಿಯುತ್ತದೆ, ಗ್ಲೈಫೋಸೇಟ್ ಮತ್ತು ಆಂಪಾವನ್ನು ಸರಿಯಾಗಿ ಹಿಡಿಯುವುದಿಲ್ಲ. ಆರ್‌ಒ ಎಲ್ಲವನ್ನೂ ಬಹುಮಟ್ಟಿಗೆ ತಡೆಯುತ್ತದೆ.

ತೋಟದಲ್ಲಿ

ಮಳೆ ಹಿಡಿಯುವ ಮುನ್ನ ಹೊಡೆದು ಮುಗಿಸುವ ಅವಸರ ನೀರಿನ ಮಟ್ಟಿಗೆ ಅತ್ಯಂತ ಕೆಟ್ಟ ವೇಳಾಪಟ್ಟಿ. ಔಷಧಿ ಒಡೆಯಲು ಬೇಕಾದ ಬೆಚ್ಚಗಿನ ದಿನಗಳು ಸಿಗುವ ಮೊದಲೇ ಹರಿವು ಶುರುವಾಗುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ಕತ್ತಿ ಅಥವಾ ಯಂತ್ರದಿಂದ ಕೊಚ್ಚಿ, ಬೇರನ್ನು ನೆಲದಲ್ಲೇ ಬಿಡುವುದು ಉತ್ತಮ. ಔಷಧಿ ಹೊಡೆಯಲೇಬೇಕಾದರೆ ಮಳೆ ಬಿಟ್ಟ ಮೇಲೆ, ಕನಿಷ್ಠ ಒಂದೆರಡು ವಾರ ಜೋರು ಮಳೆ ಬರಲಾರದು ಎನಿಸಿದಾಗ, ಅದೂ ಸಾಲುಗಳ ನಡುವೆ ಮಾತ್ರ. ತೋಡಿನ ಎರಡೂ ದಡಗಳಲ್ಲಿ 30 ಅಡಿ ಪಟ್ಟಿಯನ್ನು ಹುಲ್ಲು, ಕೆಸ, ಜರಿಗಿಡಕ್ಕೇ ಬಿಟ್ಟುಬಿಡಿ. ಕಕ್ಕಡದಲ್ಲಿ ತಿನ್ನುವ ಮದ್ದು ಸೊಪ್ಪು ಕೀಳುವ ಅಂಚುಗಳಿಗಂತೂ ಔಷಧಿ ತಾಗಲೇಬಾರದು. ಸಾಲುಗಳ ನಡುವೆ ನೀರು, ಮಣ್ಣು ತಡೆಯಲು ತೋಡಿದ ತೊಟ್ಟಿಲು ಗುಂಡಿಗಳನ್ನು ಮುಂಗಾರಿಗೆ ಮೊದಲೇ ಹೂಳು ತೆಗೆದು ತೆರೆದಿಟ್ಟರೆ ಕೆಂಪು ನೀರು ಅಲ್ಲೇ ನಿಂತು ಮಣ್ಣು ಕೂರುತ್ತದೆ, ಮಣ್ಣಿಗೆ ಅಂಟಿದ್ದು ತೋಟದಲ್ಲೇ ಒಡೆಯಲು ಸಮಯ ಸಿಗುತ್ತದೆ.

ಇವೆಲ್ಲಕ್ಕಿಂತ ದೊಡ್ಡ ಪ್ರಮಾಣ ನೀರಿಗೆ ಬೀಳುವುದು ಹೆಚ್ಚಾಗಿ ಬಾವಿಕಟ್ಟೆಯಲ್ಲಿ, ಔಷಧಿ ಬೆರೆಸುವಾಗ. 6 ಅಡಿ ಅಗಲದ ರಿಂಗ್ ಬಾವಿಯಲ್ಲಿ 12 ಅಡಿ ನೀರಿದ್ದರೆ ಅದು ಸುಮಾರು 9,600 ಲೀಟರ್. ಶೇ 41ರ ಗ್ಲೈಫೋಸೇಟ್ ಬರೀ 10 ಮಿಲಿ, ಮುಚ್ಚಳದಿಂದ ಚೆಲ್ಲುವಷ್ಟು, ಅದಕ್ಕೆ ಬಿದ್ದರೆ ಲೀಟರಿಗೆ 375 ಮೈಕ್ರೋಗ್ರಾಂ. ಮೇಲೆ ಹೇಳಿದ ಕೆರೆಯ ಲೆಕ್ಕಕ್ಕಿಂತ 2,500 ಪಟ್ಟು. ಬಾವಿ, ತೋಡುಗಳಿಂದ ನೂರು ಅಡಿಯಾದರೂ ದೂರ, ಹುಲ್ಲು ಬೆಳೆದ ಸಮತಟ್ಟು ಜಾಗದಲ್ಲಿ ಬೆರೆಸಿ. ನೀರನ್ನು ಅಲ್ಲಿಗೆ ಡ್ರಮ್ಮಿನಲ್ಲಿ ಒಯ್ಯಿರಿ, ಪಂಪಿನ ಪೈಪನ್ನು ಟ್ಯಾಂಕಿನೊಳಗೆ ಮುಳುಗಿಸಿ ಬಿಡಬೇಡಿ, ಪಂಪು ನಿಂತರೆ ಔಷಧಿ ಹಿಂದಕ್ಕೆ ಬಾವಿಗೆ ಎಳೆದುಕೊಳ್ಳುತ್ತದೆ. ಖಾಲಿ ಡಬ್ಬಿಯನ್ನು ಮೂರು ಸಲ ತೊಳೆದು ಆ ನೀರನ್ನು ಸ್ಪ್ರೇಯರಿಗೇ ಸುರಿಯಿರಿ, ತಳದಲ್ಲಿ ತೂತು ಮಾಡಿ ಬೇರೆ ಇಡಿ. ಸ್ಪ್ರೇಯರ್ ತೊಳೆದ ನೀರು ಹೋಗಬೇಕಾದ್ದು ಹೊಡೆದ ಜಾಗದ ಹುಲ್ಲಿನ ಮೇಲೆಯೇ.